ಆಯ್ತು ಸಿಸ್ಟರ್

ನಮ್ಮ ಅತ್ತಿಗೆ ಇಂಜೆಕ್ಷನ್ ಕೊಡುವುದನ್ನು ಕಣ್ಣಾರೆ ಕಂಡವರಿಲ್ಲ. ಅವಳ ಕೈಯಿಂದ ತೆಗೆದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ, ಕಂಡವರು ಮಾತ್ರ ಇಲ್ಲ. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳು ಟ್ರಾಲಿ ತಳ್ಳಿಕೊಂಡು ಬಂದು ಮಂಚದ ಪಕ್ಕ ನಿಲ್ಲುತ್ತಾಳೆ. ಮಲಗಿದ ಹೆಂಗಸು "ಸಿಸ್ಟರ್, ಸ್ವಲ್ಪ ಮೆತ್ತಗೆ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಅವಳು ಹತ್ತಿ ಒತ್ತಿ ಹಿಡಿದು "ಆಯ್ತು" ಎಂದಿರುತ್ತಾಳೆ. ಸೂಜಿ ಒಳಗೆ ಹೋಗಿದ್ದು ಯಾವಾಗ, ಹೊರಗೆ ಬಂದಿದ್ದು ಯಾವಾಗ, ಆ ದೇವರಿಗೇ ಗೊತ್ತು. ಇಡೀ ಪಾಳಿಯಲ್ಲಿ ಅವಳು ಆಡುವ ಮಾತು ಅದೊಂದೇ ಆದ್ದರಿಂದ ರೋಗಿಗಳು ಅವಳಿಗೆ 'ಆಯ್ತು ಸಿಸ್ಟರ್' ಎಂದೇ ಹೆಸರಿಟ್ಟಿದ್ದರು. ಇವತ್ತು ಯಾರ ಡ್ಯೂಟಿ ಎಂದು ವಿಚಾರಿಸಿಕೊಂಡು, ಅವಳದು ಎಂದು ಗೊತ್ತಾದರೆ ಸೆರಗು ಸರಿಮಾಡಿಕೊಂಡು ನಿಶ್ಚಿಂತೆಯಿಂದ ಮಲಗುತ್ತಿದ್ದರಂತೆ.

ನಾನು ಅವಳ ನಾದಿನಿ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳು, ಸಂಬಂಧದಲ್ಲಿ ಚಿಕ್ಕವಳು. ಹಾಗಾಗಿ ಎದುರಿಗಿದ್ದಾಗ 'ನೀವು', ಬೆನ್ನ ಹಿಂದೆ 'ಅವಳು'. ಇದು ಅವಳಿಗೂ ಗೊತ್ತಿದೆ. ಕನ್ನಡಕದ ಅಂಗಡಿಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ "ಈಗ ಕಾಣುತ್ತಾ? ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?" ಎಂದು ಕೇಳುವುದೇ ನನ್ನ ಕಸುಬು. ಇಂಥವಳಿಗೆ ಮಾತಿಗೊಂದು ಉತ್ತರ ಕೊಡದವರನ್ನು ಕಂಡರೆ ಮೈ ಉರಿಯದೆ ಇರುತ್ತದೆಯೇ? ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳ ಹತ್ತಿರ ಒಂದು ಗಂಟೆ ಮಾತಾಡಿ, ಕೊನೆಗೆ ನಾನೇ ನನ್ನ ಪ್ರಶ್ನೆಗೆ ಉತ್ತರವನ್ನೂ ಹೇಳಿಕೊಂಡು ಎದ್ದು ಬರುತ್ತಿದ್ದೆ.

ಅವಳು ನಮ್ಮ ಮನೆಗೆ ಬಂದದ್ದೂ ಸೂಜಿಯ ದಾರಿಯಲ್ಲೇ. ನಮ್ಮಣ್ಣ ಲಿಫ್ಟ್ ರಿಪೇರಿಯವನು. ಒಂದು ದಿನ ಲಿಫ್ಟಿನ ಬಾಗಿಲಿಗೇ ಬೆರಳು ಕೊಟ್ಟು ದೊಡ್ಡಾಸ್ಪತ್ರೆ ಸೇರಿದ. ಆಗ ಅವಳ ಡ್ಯೂಟಿ ಗಾಯಕ್ಕೆ ಕಟ್ಟು ಹಾಕುವ ಕೋಣೆಯಲ್ಲಿತ್ತು. ಆರಡಿ ಆಳು, ಸೂಜಿ ಅಂದರೆ ಮಾತ್ರ ಹಾಲುಗಲ್ಲದ ಮಗು. ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿಕೊಂಡು ಕೂತವನಿಗೆ "ಆಯ್ತು" ಎಂದು ಕೇಳಿಸಿತು. ಕಣ್ಣು ಬಿಟ್ಟ. ಬಿಟ್ಟವನು ಮತ್ತೆ ಮುಚ್ಚಲಿಲ್ಲ. ಬೆರಳು ವಾಸಿಯಾದ ಮೇಲೂ ಬ್ಯಾಂಡೇಜು ಸಡಿಲವಾಯಿತು ಎಂದು ಹೇಳಿಕೊಂಡು ಅಲ್ಲಿಗೇ ಹೋಗುತ್ತಿದ್ದ. ಕೊನೆಗೆ ಅಮ್ಮನೂ ನಾನೂ ಅವರ ಮನೆಗೆ ಹೋಗಿ ಕೇಳಿದೆವು. ಅವಳ ತಾಯಿ ಅವಳ ಮುಖ ನೋಡಿದರು. ಅವಳು ನೆಲ ನೋಡಿದಳು. "ಮೌನಂ ಸಮ್ಮತಿ ಲಕ್ಷಣಂ" ಎಂದು ಅಮ್ಮ ಅಲ್ಲೇ ತೀರ್ಪು ಕೊಟ್ಟುಬಿಟ್ಟಳು. ಮನೆಗೆ ಬರುವ ದಾರಿಯಲ್ಲಿ "ಮಾತು ಕಡಿಮೆ, ಕೆಲಸ ಜಾಸ್ತಿ. ಹೆಣ್ಣುಮಕ್ಕಳು ಅಂದ್ರೆ ಹೀಗಿರ್ಬೇಕು" ಎಂದು ನನ್ನ ಕಡೆ ತಿರುಗಿ ಹೇಳಿದ್ದು ನನಗೆ ಇನ್ನೂ ನೆನಪಿದೆ.

ಈ ಮೌನದ ಮೂಲ ಅವಳ ನರ್ಸಿಂಗ್ ಶಾಲೆಯಲ್ಲಿದೆ. ಅಲ್ಲಿ ಒಬ್ಬರು ಟೀಚರಿದ್ದರಂತೆ, ಹುಡುಗಿಯರೆಲ್ಲ ಅವರನ್ನು ಕಂಡರೆ ಗಡಗಡ ನಡುಗುತ್ತಿದ್ದರಂತೆ. ಕಿತ್ತಳೆಹಣ್ಣಿಗೆ ಸೂಜಿ ಚುಚ್ಚುವುದನ್ನು ಕಲಿಸುವಾಗ ಯಾರಾದರೂ ಪಿಸುಗುಟ್ಟಿದರೆ "ಬಾಯಿ ಆಡಿದ್ರೆ ಕೈ ಅಲ್ಲಾಡುತ್ತೆ" ಎಂದು ಮೊಣಕೈಗೆ ತಟ್ಟುತ್ತಿದ್ದರಂತೆ. ನಮ್ಮ ಅತ್ತಿಗೆ ಆ ಪಾಠವನ್ನು ಸೂಜಿಗಷ್ಟೇ ಅಲ್ಲ, ಜೀವನಕ್ಕೇ ಅನ್ವಯಿಸಿಕೊಂಡಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಳು. ಆಮೇಲೆ ದೊಡ್ಡಾಸ್ಪತ್ರೆಯ ವಾರ್ಡು. ಮಂಚದ ಮೇಲೆ ನಲವತ್ತು ಮಂದಿ, ಮಂಚಗಳ ನಡುವೆ ಚಾಪೆಯ ಮೇಲೆ ಇನ್ನಷ್ಟು ಮಂದಿ, ಇಷ್ಟಕ್ಕೂ ಇಬ್ಬರೇ ನರ್ಸುಗಳು. ಒಬ್ಬೊಬ್ಬರ ಹತ್ತಿರ ಕುಶಲ ವಿಚಾರಿಸುತ್ತ ನಿಂತರೆ ಬೆಳಗಿನ ಔಷಧಿ ಸಂಜೆಗೆ ಮುಟ್ಟುತ್ತದೆ. ಹೆದರಿಕೊಳ್ಳಲು ಪುರುಸೊತ್ತು ಕೊಡದೆ ಕೆಲಸ ಮುಗಿಸುವುದೇ ಅಲ್ಲಿ ದಯೆ. ಆ ದಯೆಯಲ್ಲಿ ಅವಳು ಪಳಗಿಹೋದಳು.

ಮನೆಯಲ್ಲೂ ಇದೇ ಕಥೆ. ನನ್ನ ಕಾಲಿಗೆ ಚುಚ್ಚಿದ ಗಾಜಿನ ಚೂರು ನಾನು ಅಳುವುದಕ್ಕೆ ಮೊದಲೇ ಅವಳ ಚಿಮಟದ ತುದಿಯಲ್ಲಿರುತ್ತಿತ್ತು. ಹಾಸಿಗೆಯ ಹೊದಿಕೆಯನ್ನು ನಾಲ್ಕೂ ಮೂಲೆಗೆ ಎಳೆದು ಎಷ್ಟು ಬಿಗಿಯಾಗಿ ಸಿಕ್ಕಿಸುತ್ತಿದ್ದಳೆಂದರೆ ಒಳಗೆ ತೂರಿಕೊಂಡವರು ಬೆಳಗಾಗುವ ತನಕ ಮಗ್ಗುಲು ಬದಲಿಸುವಂತಿರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಹೊಟ್ಟೆಗೆ ಇನ್ಸುಲಿನ್ ಬೀಳಬೇಕು. ಮೂರು ವರ್ಷದಲ್ಲಿ ಅಮ್ಮ ಒಂದು ಸಲವೂ ಆ ಸೂಜಿಯ ಮುಖ ನೋಡಿರಲಿಲ್ಲ. ಪೇಪರ್ ಓದುತ್ತ ಕೂತಿರುವಾಗ "ಆಯ್ತು" ಎಂದು ಕೇಳಿಸಿದರೆ ತಿಂಡಿಗೆ ಏಳುತ್ತಿದ್ದಳು, ಅಷ್ಟೆ. ಇಷ್ಟಾದರೂ ಮಂಡಿ ನೋವು ಬಂದರೆ ರಸ್ತೆ ದಾಟಿ ಔಷಧಿ ಅಂಗಡಿಯವನ ಸಲಹೆ ಕೇಳಿಕೊಂಡು ಬರುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ.

ಪರದೇಶದ ಆಸೆ ಮನೆಯೊಳಗೆ ಬಂದದ್ದು ಅಣ್ಣನ ಫೋನಿನ ಮೂಲಕ. ಅತ್ತಿಗೆಯದು ವರ್ಷವರ್ಷವೂ ಮುಂದುವರಿಸುವ ತಾತ್ಕಾಲಿಕ ಕೆಲಸ. ಅವಳ ಜೊತೆ ಓದಿದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋಗಿ, ಹಿಮದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಕಳಿಸುತ್ತಿದ್ದರು. ಅಷ್ಟರಲ್ಲಿ ಹೊರದೇಶದ ಒಂದು ಆಸ್ಪತ್ರೆಯವರು ಇಲ್ಲಿಗೇ ಬಂದು ಪರೀಕ್ಷೆ ಮಾಡಿ ನರ್ಸುಗಳನ್ನು ಆರಿಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಅಣ್ಣ ಅರ್ಜಿ ತುಂಬಿದ. ಅವರ ಭಾಷೆಯ ಪರೀಕ್ಷೆಯನ್ನು ಅವಳು ಒಂದೇ ಏಟಿಗೆ ಪಾಸು ಮಾಡಿದಳು. ಅವಳ ಹಿಂದೆ ತಾನೂ ಹೋಗುವ ಲೆಕ್ಕ ಹಾಕಿ ಅಂದೇ ಸಂಜೆ ಅಣ್ಣ ತನಗೊಂದು ದಪ್ಪನೆಯ ಕೋಟು ಕೊಂಡು ತಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದನ್ನು ಕೇಳಿದ್ದೆ; ಇಲ್ಲಿ ಕೂಸಿನ ಅಪ್ಪನಿಗೇ ಕುಲಾವಿ ಬಂದಿತ್ತು. ಸೆಖೆಯಲ್ಲಿ ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತು ಬೆವರುತ್ತಿದ್ದ.

ಅಮ್ಮ ಕೆಂಡವಾದಳು. ಮನೆಗೆ ಬಂದ ಚಿನ್ನದಂಥ ಹುಡುಗಿಯನ್ನು ಕಾಣದ ಊರಿಗೆ ಅಟ್ಟುತ್ತಾನಲ್ಲ ಈ ಪಾಪಿ ಎಂಬುದು ಅವಳ ವಾದ. ಪ್ರತಿ ದಿನ ಊಟದ ಮೇಜಿನ ಮೇಲೆ ಯುದ್ಧ ನಡೆಯುತ್ತಿತ್ತು.

"ಅವಳೇನು ಬೇಡ ಅಂದ್ಲಾ?" ಎನ್ನುತ್ತಿದ್ದ ಅಣ್ಣ.

"ಬೇಕು ಅಂದ್ಲಾ?" ಎನ್ನುತ್ತಿದ್ದಳು ಅಮ್ಮ.

ನಡುವೆ ಕೂತ ಅತ್ತಿಗೆ ತುಟಿ ಪಿಟಕ್ಕೆನ್ನದೆ ಇಬ್ಬರ ತಟ್ಟೆಗೂ ಬಡಿಸುತ್ತಿದ್ದಳು. ಅವಳ ಮೌನವನ್ನು ಇಬ್ಬರೂ ತಮ್ಮ ತಮ್ಮ ಕಡೆಯ ಸಾಕ್ಷಿ ಎಂದು ಎಣಿಸಿಕೊಂಡಿದ್ದರು. ನನಗಂತೂ ಅವಳು ಯಾವ ಕಡೆಯವಳೆಂದು ತಿಳಿಯುತ್ತಲೇ ಇರಲಿಲ್ಲ.

ಭಾಷೆಯದು ಮುಗಿದ ಮೇಲೆ ನರ್ಸ್ ಕೆಲಸದ ಪರೀಕ್ಷೆಗೆ ಮೊದಲ ಸಲ ಹೋಗಿ ಬಂದಳು. ಹೇಗಾಯಿತು ಎಂದು ಬಾಗಿಲಲ್ಲೇ ಕೇಳಿದೆವು. "ಆಯ್ತು" ಎಂದಳು. ಆ ಮಾತಿಗೆ ಅಣ್ಣ ಸೂಟ್‌ಕೇಸಿನ ಅಂಗಡಿಗೆ ಹೋಗಿ ಅಳತೆ ನೋಡಿಕೊಂಡು ಬಂದ. ವಾರ ಕಳೆದು ಫಲಿತಾಂಶ ಬಂದಾಗ ಫೇಲು.

ನಡೆದದ್ದು ಹೀಗೆ. ಪರೀಕ್ಷೆಯ ಕೋಣೆಯಲ್ಲಿ ರೋಗಿಯ ಪಾತ್ರಕ್ಕೆ ಒಬ್ಬ ಮನುಷ್ಯನನ್ನು ಮಲಗಿಸಿದ್ದರು. ನರ್ಸು ಬಂದು ತನ್ನ ಪರಿಚಯ ಹೇಳಬೇಕು, ಅವನ ಹೆಸರು ಕೇಳಬೇಕು, ಏನು ಮಾಡುತ್ತೇನೆಂದು ವಿವರಿಸಬೇಕು, ಮಾಡಲೇ ಎಂದು ಒಪ್ಪಿಗೆ ಪಡೆಯಬೇಕು. ಅವನು "ನನಗೆ ಭಯವಾಗ್ತಿದೆ" ಎನ್ನಬೇಕು, ಅವಳು ಸಮಾಧಾನ ಹೇಳಬೇಕು. ನಮ್ಮ ಅತ್ತಿಗೆ ಒಳಗೆ ಹೋದವಳೇ ಅವನ ಬಿಪಿ ನೋಡಿ, ಜ್ವರ ನೋಡಿ, ಗಾಯದ ಬ್ಯಾಂಡೇಜು ಬದಲಿಸಿ, ಹೊದಿಕೆಯನ್ನು ನಾಲ್ಕೂ ಮೂಲೆಗೆ ಬಿಗಿದು "ಆಯ್ತು" ಎಂದು ಹೊರಗೆ ಬಂದಿದ್ದಳು. ಆ ಬಡಪಾಯಿಗೆ ಇದ್ದದ್ದು ಅದೊಂದೇ ಮಾತು, ಅದನ್ನೂ ಹೇಳಲು ಪುರುಸೊತ್ತು ಸಿಕ್ಕಿರಲಿಲ್ಲ. ಹೊದಿಕೆಯಿಂದ ಅವನನ್ನು ಬಿಡಿಸಲು ಇನ್ನೊಬ್ಬರು ಬರಬೇಕಾಯಿತಂತೆ. ಕೈಕೆಲಸದಲ್ಲಿ ಒಂದು ತಪ್ಪೂ ಇಲ್ಲ, ಆದರೆ ಅಲ್ಲೊಬ್ಬ ಮನುಷ್ಯ ಮಲಗಿದ್ದಾನೆಂದು ಇವರಿಗೆ ತಿಳಿದಂತಿರಲಿಲ್ಲ, ಎಂದು ಪರೀಕ್ಷಕರು ತಿಳಿಸಿದ್ದರು.

ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಸುದ್ದಿ ಬಂದ ದಿನ ಅತ್ತಿಗೆ ಮನೆಯ ಕಪಾಟುಗಳನ್ನೆಲ್ಲ ತೆರೆದು, ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದಳು. ಮನಸ್ಸಿಗೆ ಪೆಟ್ಟಾಗಿದೆ ಎಂದು ನನಗೆ ಅರ್ಥವಾಯಿತು. ಅಮ್ಮನಿಗೆ ಮಾತ್ರ ಸಂತೋಷ ತಡೆಯಲಾಗುತ್ತಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಆಗಾಗ ಕೆಮ್ಮುತ್ತಿದ್ದಳು.

ಅಣ್ಣ ಅವಳನ್ನು ತರಬೇತಿಗೆ ಸೇರಿಸಿದ. ಅಲ್ಲಿಯ ಮೇಡಂ ಹೇಳಿಕೊಟ್ಟದ್ದು ಮೂರೇ ವಿಷಯ: ಮಾಡುವ ಮೊದಲು ಕೇಳಬೇಕು, ಕೇಳಿದ ಮೇಲೆ ಕಾಯಬೇಕು, ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯಬಾರದು. ಮನೆಯಲ್ಲಿ ಯಾರನ್ನಾದರೂ ಮಲಗಿಸಿಕೊಂಡು ದಿನಾ ಅಭ್ಯಾಸ ಮಾಡಿ ಎಂದೂ ಹೇಳಿದ್ದರು. ಮೊದಲು ಅಣ್ಣ ಮಲಗಿದ. ಅವನೋ, ಅವಳು ಪ್ರಶ್ನೆ ಕೇಳುವ ಮೊದಲೇ "ಹೂಂ, ಮಾಡು" ಎಂದು ಕೈ ಚಾಚುತ್ತಿದ್ದ, ಆಮೇಲೆ ಗೊರಕೆ ಹೊಡೆಯುತ್ತಿದ್ದ. ನನ್ನನ್ನು ಮಲಗಿಸಿದರು. ಏನು ತೊಂದರೆ ಎಂದು ಕೇಳಿದ್ದಕ್ಕೆ ನಾನು ನಮ್ಮಂಗಡಿಯ ಯಜಮಾನನಿಂದ ಶುರುಮಾಡಿದೆ. ಸಮಯ ಮುಗಿದರೂ ನನ್ನ ತೊಂದರೆ ಮುಗಿದಿರಲಿಲ್ಲ. ಆಗ ಅಮ್ಮ, ಯಾರೂ ಕರೆಯದಿದ್ದರೂ, "ನಾನು ಮಲಗ್ತೀನಿ ಬಿಡಮ್ಮ" ಎಂದಳು. ಅವಳ ದನಿಯಲ್ಲಿ ಜೇನು ಸುರಿಯುತ್ತಿತ್ತು. ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಿದ್ದು ಬೇರೆ.

"ನೋಡ್ತಾ ಇರು. ಒಂದಕ್ಕೂ ಹೂಂ ಅನ್ನಲ್ಲ. ಅವಳಿಗೇ ಸಾಕಾಗಿ ಬಿಟ್ಬಿಡ್ಬೇಕು."

ಮರುದಿನ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಂಡು ಮಂಚದ ಮೇಲೆ ರೋಗಿಯಾದಳು. ಅತ್ತಿಗೆ ಬಾಗಿಲು ತಟ್ಟಿ ಒಳಗೆ ಬಂದು ಆ ಹೊರದೇಶದವರ ಭಾಷೆಯಲ್ಲಿ ಶುರುಮಾಡಿದಳು. "ನನಗೆ ಅರ್ಥವಾಗೋ ಹಾಗೆ ಕೇಳು" ಎಂದಳು ಅಮ್ಮ. ಅದೂ ನ್ಯಾಯವೇ.

"ನಮಸ್ಕಾರ. ನಾನು ನಿಮ್ಮ ನರ್ಸ್. ನಿಮ್ಮ ಹೆಸರೇನು?"

"ಮೂರು ವರ್ಷದಿಂದ ಒಂದೇ ಮನೇಲಿದ್ದೀಯ. ಅತ್ತೆ ಹೆಸರು ಗೊತ್ತಿಲ್ವಾ?"

ಅತ್ತಿಗೆ ಕೆಂಪಗಾದಳು. "ಗೊತ್ತು. ಏನಂತ ಕರೀಲಿ ನಿಮ್ಮನ್ನ?"

"ಯಜಮಾನಿ ಅಂತ ಕರಿ."

"ಸರಿ ಯಜಮಾನಿ. ನಿಮ್ಮ ತೋಳಿಗೆ ಬಿಪಿ ಪಟ್ಟಿ ಕಟ್ಬಹುದಾ?"

"ಬೇಡ."

ಅತ್ತಿಗೆ ತಲೆ ಎತ್ತಿ ನೋಡಿದಳು. ಪಟ್ಟಿ ಆಗಲೇ ಅಮ್ಮನ ತೋಳಿನ ಮೇಲಿತ್ತು. ಅವಳ ಬಾಯಿ ಕೇಳುತ್ತಿದ್ದಾಗ ಕೈ ತನ್ನ ಪಾಡಿಗೆ ಕಟ್ಟಿ ಮುಗಿಸಿತ್ತು. ತನ್ನ ಕೈಗಳನ್ನೇ ಅಪರಿಚಿತರನ್ನು ನೋಡುವಂತೆ ನೋಡಿ, ಪಟ್ಟಿ ಬಿಚ್ಚಿದಳು. ಮಾರನೆಯ ದಿನದಿಂದ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡೇ ಮಾತಾಡತೊಡಗಿದಳು. ಶಾಲೆಯಲ್ಲಿ ಪದ್ಯ ಒಪ್ಪಿಸುವ ಮಗುವಿನ ಹಾಗೆ ಕಾಣುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನಕ್ಕರೆ ಅಮ್ಮ ಮಲಗಿದಲ್ಲಿಂದಲೇ "ರೋಗಿಗಳ ಕೋಣೇಲಿ ಏನೇ ನಿನ್ನ ಕೆಲ್ಸ?" ಎಂದು ಗದರುತ್ತಿದ್ದಳು.

ಅಮ್ಮನಂಥ ರೋಗಿಯನ್ನು ಯಾವ ಆಸ್ಪತ್ರೆಯೂ ಕಂಡಿರಲಿಕ್ಕಿಲ್ಲ. ಜ್ವರ ನೋಡಬಹುದಾ ಎಂದರೆ ನಿನ್ನೆ ನೋಡಿದೆಯಲ್ಲ ಎನ್ನುತ್ತಿದ್ದಳು. ಮಗ್ಗುಲು ತಿರುಗುತ್ತೀರಾ ಎಂದರೆ ಕಾರಣ ಕೇಳುತ್ತಿದ್ದಳು. ಕಾರಣ ಹೇಳಿದರೆ ಅದಕ್ಕೊಂದು ಉಪಪ್ರಶ್ನೆ. ಒಂದು ಬೆಳಿಗ್ಗೆ ನಿಜವಾದ ಇನ್ಸುಲಿನ್ನಿನ ಹೊತ್ತಿಗೇ ಅಭ್ಯಾಸ ಇಟ್ಟುಕೊಂಡರು.

"ಇಂಜೆಕ್ಷನ್ ಕೊಡ್ಲಾ ಯಜಮಾನಿ?"

"ನೋವಾಗುತ್ತಾ?"

"ಆಗಲ್ಲ."

"ಸುಳ್ಳು ಹೇಳ್ಬೇಡ. ಎಲ್ಲಿ, ತೋರಿಸು ಅದನ್ನ."

ಅತ್ತಿಗೆ ಸೂಜಿ ತೋರಿಸಿದಳು. ಅಮ್ಮನ ಮುಖ ಬಿಳಿಚಿಕೊಂಡಿತು. "ಇದಾ? ದಿನಾ ಇದನ್ನೇನಾ ನನ್ನ ಹೊಟ್ಟೆಗೆ ಹಾಕ್ತಿದ್ದೆ? ಬೇಡ. ನಾಟಕ ಅಲ್ಲ ಕಣಮ್ಮ, ನಿಜವಾಗ್ಲೂ ಬೇಡ."

ಇಷ್ಟು ದಿನ ಸೂಜಿಯ ಸುಳಿವೇ ಇಲ್ಲದೆ ಸುಖವಾಗಿದ್ದವಳು, ಕೇಳಿದ ತಪ್ಪಿಗೆ ಬೇಡ ಎಂದು ಕೂತಳು. ತಿಂಡಿ ಆರುತ್ತಿತ್ತು. ಅತ್ತಿಗೆಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು. ಮೊದಲಿನ ಅತ್ತಿಗೆಯಾಗಿದ್ದರೆ ಅಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿ ಹೊರಟಿರುತ್ತಿದ್ದಳು. ಈಗ ಕುರ್ಚಿ ಎಳೆದುಕೊಂಡು ಕೂತಳು. ಅಮ್ಮನ ಪಕ್ಕ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ಸುಲಿನ್ ಎಂದರೇನು, ಅದು ಮೈಯಲ್ಲಿ ಏನು ಮಾಡುತ್ತದೆ, ತೆಗೆದುಕೊಳ್ಳದಿದ್ದರೆ ಕಣ್ಣಿಗೆ, ಕಾಲಿಗೆ ಏನಾಗಬಹುದು, ಸ್ವಲ್ಪ ಚುಚ್ಚಿದ ಹಾಗಾಗುತ್ತದೆ ಎನ್ನುವುದು ಎಷ್ಟು ನಿಜ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಅವಳ ಬಾಯಲ್ಲಿ ಅಷ್ಟು ಮಾತು ಇತ್ತೆಂದು ನಮಗೆ ಗೊತ್ತೇ ಇರಲಿಲ್ಲ. ಅಮ್ಮ ಕೇಳುತ್ತ ಕೇಳುತ್ತ ಸೀರೆ ಸರಿಸಿ, "ಸರಿ, ಕೊಡು" ಎಂದಳು. ಅದು ಅವಳ ಮೊದಲ ಹೂಂ.

ಆಮೇಲೆ ಅಮ್ಮನ ಹಠ ಹೋಯಿತು ಎಂದುಕೊಳ್ಳಬೇಡಿ. ಹಠ ಹಾಗೇ ಇತ್ತು, ಅದರಲ್ಲಿ ರುಚಿ ಹುಟ್ಟಿತು. ಬೆಳಗಾದರೆ "ನನ್ನ ನರ್ಸ್ ಎಲ್ಲಿ?" ಎಂದು ಕೂಗುತ್ತಿದ್ದಳು. ಒಂದು ದಿನ ಅತ್ತಿಗೆ ಪಾಠದ ಪ್ರಕಾರ, ನಿಮಗೆ ಏನಾದರೂ ಭಯ ಇದೆಯಾ ಎಂದು ಕೇಳಿ ಕಾದಳು. ಅಮ್ಮ ನನ್ನನ್ನು ಹೆತ್ತ ದಿನದ ಕಥೆ ಹೇಳಿದಳು. ಹೆರಿಗೆ ಕಷ್ಟವಾಗಿತ್ತಂತೆ. ಕೊಯ್ದರಂತೆ, ಹೊಲಿದರಂತೆ. "ಏನು ಮಾಡ್ತಿದ್ದೀವಿ ಅಂತ ಒಬ್ಬಳೂ ಹೇಳ್ಲಿಲ್ಲ ಕಣಮ್ಮ. ನಾನು ಚಾವಣಿ ನೋಡ್ತಾ ಮಲಗಿದ್ದೆ. ಸತ್ತೇಹೋಗ್ತೀನೇನೋ ಅಂದ್ಕೊಂಡೆ. ಕೇಳೋಕೂ ಧೈರ್ಯ ಬರ್ಲಿಲ್ಲ." ಹುಟ್ಟಿದವಳು ನಾನು, ಈ ವಿಷಯ ನನಗೇ ಗೊತ್ತಿರಲಿಲ್ಲ. ಅಮ್ಮನಿಗೆ ಮಾತಿಗೆ ಮೊದಲೇ ಎದುರುತ್ತರ ಕೊಡುವ ನಾನು, ಇಷ್ಟು ವರ್ಷದಲ್ಲಿ ಇದೊಂದು ಪ್ರಶ್ನೆಯನ್ನು ಕೇಳಿರಲಿಲ್ಲ. ನನಗೆ ಅಳು ಬಂದು ಅಡುಗೆಮನೆಗೆ ಹೋದೆ.

ಈ ನಡುವೆ ವಾರ್ಡಿನಲ್ಲಿ ಬೇರೆಯೇ ಅವಾಂತರ. ಅತ್ತಿಗೆಗೆ ಕೇಳುವುದು ಅಭ್ಯಾಸವಾಗಿಹೋಗಿ, ನಲವತ್ತು ಮಂದಿಗೂ "ಇಂಜೆಕ್ಷನ್ ಕೊಡ್ಲಾ?" ಎಂದು ಕೇಳುತ್ತ ಹೊರಟಳು. ಅದುವರೆಗೆ ಅವಳ ಕೈಗೆ ಕಣ್ಣು ಮುಚ್ಚಿ ತೋಳೊಪ್ಪಿಸುತ್ತಿದ್ದ ಹೆಂಗಸರಿಗೆ, ಬೇಡ ಎನ್ನಲೂಬಹುದು ಎಂಬ ವಿಷಯ ಅಂದೇ ತಿಳಿಯಿತು. ಅರ್ಧ ವಾರ್ಡು ಬೇಡ ಎಂದಿತು. ಉಳಿದವರು ಪಕ್ಕದ ಮಂಚದವಳು ಏನೆಂದಳೆಂದು ನೋಡಿ ಹೇಳುತ್ತೇವೆ ಎಂದರು. ಡಾಕ್ಟರು ಬರುವ ಹೊತ್ತಿಗೆ ಟ್ರಾಲಿ ಮೂರನೇ ಸಾಲನ್ನೂ ದಾಟಿರಲಿಲ್ಲ. ಹಿರಿಯ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು, "ಇದೇನು ವಾರ್ಡೋ, ಮತಗಟ್ಟೆಯೋ? ಓಟು ಕೇಳ್ತಿದ್ದೀಯೇನಮ್ಮ?" ಎಂದರಂತೆ. ಇದನ್ನೆಲ್ಲ ಅತ್ತಿಗೆಯೇ ಊಟಕ್ಕೆ ಕೂತಾಗ, ಹಿರಿಯ ನರ್ಸಮ್ಮನ ದನಿಯನ್ನೂ ಅನುಕರಿಸಿ ಹೇಳಿದಳು. ಅಣ್ಣ ಬಾಯಿಗಿಟ್ಟ ತುತ್ತನ್ನು ಹಾಗೇ ಹಿಡಿದುಕೊಂಡು ಹೆಂಡತಿಯನ್ನು ನೋಡುತ್ತಿದ್ದ. ಮರುದಿನದಿಂದ ಅವಳು ವಾರ್ಡಿನಲ್ಲಿ ಮತ್ತೆ ಆಯ್ತು ಸಿಸ್ಟರ್ ಆಗಬೇಕಾಯಿತು. ಅದನ್ನು ಹೇಳುವಾಗ ಮಾತ್ರ ಅವಳು ನಗಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಅಮ್ಮ ಏನನ್ನೂ ಹಾರೈಸದೆ ಕಿಟಕಿಯಲ್ಲಿ ನಿಂತಿದ್ದಳು. ಸಂಜೆ ಅತ್ತಿಗೆ ಬಂದಾಗ ನಾವು ಬಾಗಿಲಲ್ಲೇ ಮುತ್ತಿಕೊಂಡೆವು. ಈ ಸಲ ರೋಗಿಯ ಪಾತ್ರಕ್ಕೆ ಒಬ್ಬ ಹಿರಿಯ ಹೆಂಗಸನ್ನು ಮಲಗಿಸಿದ್ದರಂತೆ. ಬೇಡ ಎಂದು ಹಠ ಮಾಡುವಂತೆ ಅವರಿಗೆ ಹೇಳಿಕೊಟ್ಟಿದ್ದರಂತೆ.

"ಆಮೇಲೆ?" ಎಂದೆ ನಾನು.

"ಕಾದೆ. ಯಾಕೆ ಬೇಡ ಅಂತ ಕೇಳ್ದೆ. ಎರಡೇ ಸಲ ಬೇಡ ಅಂದು ಒಪ್ಕೊಂಡ್ಬಿಟ್ರು, ಪಾಪ. ಅತ್ತೆ ಮುಂದೆ ಅವರು ಏನೂ ಅಲ್ಲ."

ಫಲಿತಾಂಶ ಅಣ್ಣನ ಫೋನಿಗೆ ಬಂತು. ಪಾಸು. ಅಣ್ಣ ಕೋಟು ಹಾಕಿಕೊಂಡು ಮನೆ ತುಂಬ ಓಡಾಡಿದ. ಅಮ್ಮ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು, "ನನ್ನ ಕೈಯಾರೆ ನಾನೇ ಪಾಸ್ ಮಾಡಿಸ್ದೆನಲ್ಲೇ" ಎಂದಳು. ನಗಬೇಕೋ ಸಮಾಧಾನ ಮಾಡಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಆದರೆ ಅಮ್ಮ ಅಷ್ಟಕ್ಕೆ ಸೋಲೊಪ್ಪುವವಳಲ್ಲ. ಆ ಭಾನುವಾರ ನಾವೆಲ್ಲ ಚಹಾ ಕುಡಿಯುತ್ತ ಕೂತಿದ್ದಾಗ ಅಣ್ಣ ಸೂಟ್‌ಕೇಸ್ ದೊಡ್ಡದು ತರಲೋ ಎರಡು ಚಿಕ್ಕದು ತರಲೋ ಎಂದು ಶುರುಮಾಡಿದ. ಅಮ್ಮ ಲೋಟ ಕೆಳಗಿಟ್ಟಳು.

"ಸ್ವಲ್ಪ ಸುಮ್ನಿರೋ. ಇಷ್ಟು ದಿನ ನಾವಿಬ್ರೂ ಅವಳ ತಲೆ ಮೇಲೆ ಕಿತ್ತಾಡಿದ್ದೇ ಆಯ್ತು. ಅವಳನ್ನ ಒಂದು ಮಾತು ಕೇಳಿದ್ದೀವಾ?"

"ಅವಳು ಬೇಡ ಅಂದಿಲ್ವಲ್ಲಮ್ಮ."

"ಬೇಡ ಅನ್ನದೇ ಇದ್ರೆ ಬೇಕು ಅಂತ ಅರ್ಥ ಅಲ್ಲ. ಅವರ ಮೇಡಮ್ಮೇ ಹೇಳಿದ್ದಾರೆ." ನಮ್ಮ ಮನೆಯಲ್ಲಿ ಆ ಪಾಠ ಚೆನ್ನಾಗಿ ತಲೆಗೆ ಹತ್ತಿದ್ದು ಅಮ್ಮನಿಗೇ. ಅವಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಗೆದ್ದೆನೆಂದು ಅವಳಿಗೆ ಖಾತ್ರಿಯಿತ್ತು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ನೋಡಮ್ಮ, ಇವನು ನಿನ್ನನ್ನ ಅಷ್ಟು ದೂರ ಕಳಿಸ್ತಾನಂತೆ. ನಿನಗೆ ಹೋಗೋಕೆ ಇಷ್ಟ ಇದೆಯಾ? ಇಲ್ಲ ಅಂದ್ರೆ ಇಲ್ಲ ಅನ್ನು. ಯಾರಿಗೂ ಹೆದರ್ಬೇಡ, ನಾನಿದ್ದೀನಿ."

ಅಣ್ಣ ಏನೋ ಹೇಳಲು ಹೋದ. ಅಮ್ಮ ಕೈ ಎತ್ತಿ ತಡೆದಳು. ನಾವು ಮೂವರೂ ಕಾದೆವು.

"ಇಷ್ಟ ಇದೆ ಅತ್ತೆ" ಎಂದಳು ಅತ್ತಿಗೆ. "ಇವರು ಕಳಿಸ್ತಿರೋದಲ್ಲ. ನನಗೇ ಹೋಗ್ಬೇಕು. ಇವರು ಅರ್ಜಿ ಹಾಕೋಕೆ ಮುಂಚೆಯಿಂದ್ಲೂ."

ಅಮ್ಮನ ಮುಖ ಬಾಡಿತು. ಹೀಗೊಂದು ಉತ್ತರ ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

"ಹೋದ ವರ್ಷ ವಾರ್ಡಲ್ಲಿ ಒಬ್ರು ಅಜ್ಜಿ ತೀರಿಕೊಂಡ್ರು" ಎಂದಳು ಅತ್ತಿಗೆ. ಅವಳು ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ತುಂಬಾ ದಿನ ಇದ್ರು. ದಿನಾ ಇಂಜೆಕ್ಷನ್ ಕೊಟ್ಟಿದ್ದೀನಿ, ಬೆನ್ನು ಒರೆಸಿದ್ದೀನಿ, ಬಟ್ಟೆ ಬದಲಾಯಿಸಿದ್ದೀನಿ. ಅವರ ಮಗಳು ಬಂದು, ನಮ್ಮಮ್ಮ ಕೊನೇಲಿ ಏನಾದ್ರೂ ಹೇಳಿದ್ರಾ ಸಿಸ್ಟರ್ ಅಂತ ಕೇಳಿದ್ಲು. ನನಗೆ ಗೊತ್ತಿರ್ಲಿಲ್ಲ. ಅವರ ಹೆಸರೂ ಗೊತ್ತಿರ್ಲಿಲ್ಲ ಅತ್ತೆ, ಮೂಲೆ ಮಂಚ ಅಂತ ಅಷ್ಟೇ ಗೊತ್ತಿತ್ತು. ಅಲ್ಲಿ ಒಬ್ಬ ನರ್ಸಿಗೆ ಆರೇಳು ಜನ ಅಷ್ಟೇ ಅಂತೆ. ಹಾಗೆ ಒಂದ್ಸಲ ಕೆಲ್ಸ ಮಾಡಿ ನೋಡ್ಬೇಕು ನಾನು. ನನ್ನ ಕೈ ಒಳ್ಳೇದು ಅಂತ ಎಲ್ರೂ ಹೇಳ್ತಾರೆ. ನಾನು ಒಳ್ಳೆ ನರ್ಸಾ ಅಂತ ನನಗೇ ಗೊತ್ತಿಲ್ಲ."

ನಾನೇ ಕೇಳಿದೆ. "ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳಿದ್ರೆ ಅತ್ತೆ ಮುಖ ನೋಡ್ಬೇಕಾಗ್ತಿತ್ತು."

ಅಷ್ಟು ಹೊತ್ತಿಗೆ ಅಣ್ಣನಿಗೆ ಬೇರೆಯೇ ಒಂದು ದಿಗಿಲು ಹುಟ್ಟಿಕೊಂಡಿತ್ತು. ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ. "ಅಲ್ಲ ಕಣೇ... ನಮ್ಮ ಮದುವೆ ಮಾತಿನ ದಿನಾನೂ ನೀನು ಏನೂ ಹೇಳಿರ್ಲಿಲ್ಲ. ನೆಲ ನೋಡ್ತಿದ್ದೆ ಅಂತೆ. ಆಗ ಇಷ್ಟ ಇತ್ತಾ?"

ಅತ್ತಿಗೆ ಅವನನ್ನು ಸ್ವಲ್ಪ ಹೊತ್ತು ಕಾಯಿಸಿದಳು. "ಇಷ್ಟ ಇಲ್ದೇ ಇದ್ದಿದ್ರೆ, ಸಡಿಲವಾಗದೇ ಇದ್ದ ಬ್ಯಾಂಡೇಜನ್ನ ಅಷ್ಟು ಸಲ ಯಾಕೆ ಬಿಚ್ಚಿ ಕಟ್ತಿದ್ದೆ ರೀ?" ಎಂದಳು.

ಅಣ್ಣನೂ ನಾನೂ ನಕ್ಕೆವು. ಅಮ್ಮ ನಗಲಿಲ್ಲ. ಎದ್ದು ತನ್ನ ಕೋಣೆಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಅತ್ತಿಗೆಯೂ ಹೋದಳು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಬಾಗಿಲ ಸಂದಿಯಲ್ಲಿ ನಿಂತೆ. ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು.

"ಹೋಗು" ಎಂದಳು ಅಮ್ಮ. "ಕೇಳಿದ್ದು ನಾನೇ. ಕೇಳಿದ್ಮೇಲೆ ಉತ್ತರ ಒಪ್ಕೋಬೇಕು, ಇಲ್ದಿದ್ರೆ ಕೇಳ್ಬಾರ್ದು. ಆದ್ರೆ ನನಗೆ ಬೇಜಾರಿಲ್ಲ ಅಂತ ಮಾತ್ರ ನನ್ನ ಕೈಲಿ ಹೇಳಿಸ್ಬೇಡ. ನನಗೆ ಬೇಜಾರಿದೆ. ಮನೇಲಿ ಒಬ್ಬಳಾದ್ರೂ ನನ್ನನ್ನ ಬೇಕಾ ಬೇಡ್ವಾ ಅಂತ ಕೇಳ್ತಿದ್ಲು. ಅವಳೇ ಹೊರಟ್ಳಲ್ಲ ಅಂತ ಅಳು ಬರ್ತಿದೆ."

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ತರಬೇತಿಯ ಮೇಡಂ ಹಲವು ವಾಕ್ಯಗಳನ್ನು ಕಲಿಸಿದ್ದರು. ನಮ್ಮೆಲ್ಲರಿಗೂ ಅವು ಬಾಯಿಪಾಠವಾಗಿದ್ದವು. ಅತ್ತಿಗೆ ಒಂದನ್ನೂ ಹೇಳಲಿಲ್ಲ. ಅಮ್ಮನ ಪಕ್ಕ ಕೂತು ಅವಳ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಹಿಡಿದುಕೊಳ್ಳಲಾ ಎಂದು ಕೇಳಲಿಲ್ಲ. ಅಮ್ಮನೂ ಬೇಡ ಎನ್ನಲಿಲ್ಲ.